ಅತ್ತೆ ಮೂಗು ತೋರಿಸಿದ್ದು

ಮೂಗಿಗೆ ಕ್ಯಾಮೆರಾ ಬಿಟ್ಟರೆ ಕಣ್ಣು ಹೋಗುತ್ತದೆ ಎಂದು ನಂಬಿದ್ದವಳು ನನ್ನ ಸೋದರತ್ತೆ. ನಗಬೇಡಿ, ಅವಳ ನಂಬಿಕೆಗೆ ಕಣ್ಣೆದುರಿನ ಸಾಕ್ಷಿ ಇತ್ತು. 2021ರ ಬೇಸಿಗೆ. ಕೊರೊನಾದ ಎರಡನೇ ಅಲೆ ತೀರ್ಥಹಳ್ಳಿ ಕಡೆಯ ನಮ್ಮ ಒಂಟಿಮನೆಗಳನ್ನೂ ಬಿಡದೆ ಹೊಕ್ಕಿತ್ತು. ಅತ್ತೆಯ ಮನೆಯ ಮೇಲಿನ ತೋಟದವರೊಬ್ಬರು ಆಸ್ಪತ್ರೆಯಿಂದ ಬದುಕಿ ಬಂದರಲ್ಲ ಎಂದು ಎಲ್ಲರೂ ಸಮಾಧಾನಪಡುವಷ್ಟರಲ್ಲಿ ಅವರ ಒಂದು ಕಡೆಯ ಕೆನ್ನೆ ಊದಿತು, ಮೂಗಿನಿಂದ ಕಪ್ಪಗೆ ಏನೋ ಬಂತು. ಮತ್ತೆ ಶಿವಮೊಗ್ಗಕ್ಕೆ ಒಯ್ದರು. ಮೂಗಿಗೆ ಕ್ಯಾಮೆರಾ ಬಿಟ್ಟು ನೋಡಿದರಂತೆ. ಆಮೇಲೆ ಕಣ್ಣನ್ನೇ ತೆಗೆದರಂತೆ. ಊರಿಗೆ ಮುಟ್ಟಿದ ಸುದ್ದಿ ಇಷ್ಟೇ. ನಡುವೆ ಏನಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ಜನ ಎರಡು ತುದಿಯನ್ನೂ ತಾವೇ ಗಂಟು ಹಾಕಿಕೊಂಡರು.

ನಡುವೆ ಆದದ್ದು ಕಪ್ಪು ಶಿಲೀಂಧ್ರ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಕೊರೊನಾಕ್ಕೆಂದು ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಆ ಬೂಸ್ಟು ಮೂಗಿನೊಳಗೆ ಬೇರು ಬಿಟ್ಟು, ರಕ್ತನಾಳಗಳನ್ನು ಮುಚ್ಚಿ, ಅಲ್ಲಿಂದ ಸೈನಸ್ಸಿಗೆ, ಕಣ್ಣಿನ ಗೂಡಿಗೆ, ಕೆಲವರಲ್ಲಿ ಮಿದುಳಿಗೂ ಹಬ್ಬಿತು. ಆ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಸಾರಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸೆಯ ಏರ್ಪಾಡಾಯಿತು. ಆಂಫೊಟೆರಿಸಿನ್-ಬಿ ಎಂಬ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು. ಕಣ್ಣು ತಿಂದದ್ದು ಬೂಸ್ಟು. ಕ್ಯಾಮೆರಾ ಅದನ್ನು ತೋರಿಸಿತು, ಅಷ್ಟೆ. ಇನ್ನೂ ಮೊದಲೇ ತೋರಿಸಿಕೊಂಡಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ. ಆದರೆ ಇದನ್ನೆಲ್ಲ ಅತ್ತೆಗೆ ಹೇಳಿ ಒಪ್ಪಿಸುವುದು ಸುಲಭದ ಮಾತಲ್ಲ. ಅವಳು ಕಂಡದ್ದು ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತ ಮನುಷ್ಯನನ್ನು.

ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕೈಕಾಲು ಕಾಯಿಸಿಕೊಳ್ಳುತ್ತ ಕೂತಾಗ ಈ ಕಥೆ ನಮ್ಮಲ್ಲಿ ಆಗಾಗ ಬರುತ್ತದೆ. ಈ ಸಲ ಕೇಳಿದವಳು ತಮ್ಮನ ಮಗಳು. ಅವಳಿಗೆ ಬೆಳಗೆದ್ದರೆ ಸೀನು, ರಾತ್ರಿ ಮೂಗು ಕಟ್ಟು. ಡಾಕ್ಟರು ಎಂಡೋಸ್ಕೋಪಿಗೆ ಬರೆದಿದ್ದಾರೆ. ಹುಡುಗಿ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಬೆದರಿದ್ದಳು. ವಿಡಿಯೊ ನೋಡಬೇಡ, ಅಜ್ಜಿಯ ಕಥೆ ಕೇಳು ಎಂದು ಒಲೆಗೆ ಇನ್ನೊಂದು ಕುಂಟೆ ನೂಕಿ ಶುರುಮಾಡಿದೆ.

ಅತ್ತೆಗೆ ಬಲಗಡೆಯ ಮೂಗು ಕಟ್ಟಿಕೊಂಡೇ ಇರುತ್ತಿತ್ತು. ಎಷ್ಟು ವರ್ಷದಿಂದ ಎಂದರೆ ಅವಳಿಗೂ ಲೆಕ್ಕವಿಲ್ಲ. ಅದರೊಳಗಿಂದ ಹಳದಿ ಸಿಂಬಳ, ಒಮ್ಮೊಮ್ಮೆ ಅದರಲ್ಲಿ ರಕ್ತದ ಎಳೆ. ಹಳ್ಳಿ ಔಷಧಿಯವರು ಪೀನಸ ಎಂದರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಟಾರ್ಚು ಬಿಟ್ಟು ನೋಡಿ ಸೈನಸ್ ಎಂದರು. ಮಾತ್ರೆ ನುಂಗುವಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ. ಮೂಗು ಬಿಡಿಸುವ ಡ್ರಾಪ್ಸನ್ನಂತೂ ಸೆರಗಿನ ತುದಿಗೇ ಕಟ್ಟಿಕೊಂಡಿದ್ದಳು. ಆ ಡ್ರಾಪ್ಸ್ ಐದಾರು ದಿನಕ್ಕಿಂತ ಹೆಚ್ಚು ಹಾಕಿಕೊಂಡರೆ ಅದರಿಂದಲೇ ಮೂಗು ಇನ್ನಷ್ಟು ಕಟ್ಟುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಔಷಧಿ ಅಂಗಡಿಯವರು ಕೇಳಿದಷ್ಟು ಕೊಡುತ್ತಿದ್ದರು.

ಇದೆಲ್ಲ ಹೊರಗೆ ಹೇಳಿಕೊಳ್ಳಬಹುದಾದ ಕಷ್ಟ. ಹೇಳಿಕೊಳ್ಳಲಾಗದ್ದು ಇನ್ನೊಂದಿತ್ತು: ವಾಸನೆ. ಅವಳ ಹತ್ತಿರ ಕೂತರೆ ಕೊಳೆತ ನಾತ ಬರುತ್ತಿತ್ತು. ಅವಳ ಮೂಗಿಗೆ ಅದು ಒಗ್ಗಿಹೋಗಿತ್ತು. ಬೇರೆಯವರು ಹಿಂದೆ ಸರಿದಾಗಲೇ ಅವಳಿಗೆ ಗೊತ್ತಾಗುತ್ತಿದ್ದದ್ದು. ಮೊಮ್ಮಗು ತೊಡೆಯಿಂದ ಇಳಿದು ಹೋದಾಗ ಗೊತ್ತಾಯಿತು. ಆಮೇಲೆ ಮದುವೆಮನೆಗೆ ಹೋದರೆ ಅಡುಗೆಯವರ ಕಡೆ ಸೌದೆ ಹೊಗೆಯಲ್ಲಿ ನಿಲ್ಲತೊಡಗಿದಳು. ಇನ್ನೂ ಆಮೇಲೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ ಮಂಡಿನೋವು ಅನ್ನುವಳು.

ಕೊನೆಗೆ ಶಿವಮೊಗ್ಗದ ಕಿವಿ-ಮೂಗು-ಗಂಟಲು ಡಾಕ್ಟರಮ್ಮನ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನು. ಒಳಗೆ ಹೋಗಿ ಕೂತ ಅತ್ತೆ ಹೇಳಿದ್ದು ಒಂದೇ ಮಾತು: "ಶೀತ."

"ಎರಡೂ ಮೂಗಾ, ಒಂದೇ ಕಡೆಯಾ?"

"ಬಲಗಡೆದು ಮಾತ್ರ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ವಾಸನೆ ಬರುತ್ತಾ ಅಮ್ಮಾ?"

ಅತ್ತೆ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. ಹೂಂ ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಆ ಒಂದು ಹೂಂಕಾರದ ಮೇಲೆ ಮುಂದಿನದೆಲ್ಲ ನಿಂತಿತ್ತು ಎಂದು ಈಗ ಅನ್ನಿಸುತ್ತದೆ. ಅಲರ್ಜಿ, ನೆಗಡಿ, ಸಾಮಾನ್ಯ ಸೈನಸ್ ತೊಂದರೆ ಹೆಚ್ಚಾಗಿ ಎರಡೂ ಕಡೆ ಇರುತ್ತವೆ. ಒಂದೇ ಕಡೆ ಕಟ್ಟು, ಒಂದೇ ಕಡೆ ರಕ್ತ, ಒಂದೇ ಕಡೆ ನಾತ ಅಂದರೆ ಅಲ್ಲಿ ಏನೋ ಇದೆ, ಅದನ್ನು ಕಣ್ಣಾರೆ ನೋಡಲೇಬೇಕು. ದುರ್ಮಾಂಸವಿರಬಹುದು, ಗೆಡ್ಡೆಯಿರಬಹುದು, ಹಲ್ಲಿನ ಬೇರಿನಿಂದ ಸೈನಸ್ಸಿಗೆ ಏರಿದ ಕೀವಿರಬಹುದು, ಹೊರಗಿನ ವಸ್ತು ಯಾವುದಾದರೂ ಇರಬಹುದು. ಟಾರ್ಚಿನಲ್ಲಿ ಕಾಣುವುದು ಮೂಗಿನ ಹೊಸ್ತಿಲು ಮಾತ್ರ.

"ಎಂಡೋಸ್ಕೋಪಿ ಮಾಡಿ ನೋಡ್ತೀನಿ" ಅಂದರು. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. ಹೊರಗೆ ಬಂದು ಕಾರಿಡಾರಿನಲ್ಲಿ, "ಎಂಥದ್ ಮಾರಾಯ್ತಿ, ನನ್ನ ಕಣ್ಣು ಕೀಳ್ಸಕ್ಕೆ ಕರ್ಕಂಡ್ ಬಂದ್ಯಾ?" ಎಂದು ನನ್ನ ಮೇಲೇ ಹರಿಹಾಯ್ದಳು. ಆ ದಿನ ಪರೀಕ್ಷೆ ಆಗಲಿಲ್ಲ. ಮುಂದಿನ ವಾರಕ್ಕೆ ದಿನ ಬರೆಸಿಕೊಂಡು ಬಂದೆವು. ಆ ವಾರವಿಡೀ ಅವಳನ್ನು ಒಪ್ಪಿಸಿದ್ದು ನಾನಲ್ಲ, ಮೇಲಿನ ತೋಟದವರೇ. ವಿಷಯ ತಿಳಿದು ಅವರೇ ಕೋಲೂರಿಕೊಂಡು ಬಂದು ಜಗಲಿಯಲ್ಲಿ ಕೂತು, ತನಗೆ ಕ್ಯಾಮೆರಾ ಹಾಕುವ ಮೊದಲೇ ಆ ಕಣ್ಣು ಕಾಣುವುದು ನಿಂತಿತ್ತು ಎಂದು ಹೇಳಿದರು. ಅಷ್ಟು ವರ್ಷ ಊರಿನಲ್ಲಿ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲೇ ಇಲ್ಲ ನೋಡಿ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಅತ್ತೆ ಮಂಕಾಗಿ ಕೂತಿದ್ದಳು. ಹೆದರಿಕೆ ಎಂದುಕೊಂಡೆ. ಆಸ್ಪತ್ರೆಯಲ್ಲಿ ನರ್ಸು ತಿಂಡಿ ಆಯ್ತಾ ಎಂದು ಕೇಳಿದಾಗ ಗೊತ್ತಾಯಿತು, ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ. ಅವಳ ಭಾವನಿಗೆ ಹೊಟ್ಟೆಯ ಎಂಡೋಸ್ಕೋಪಿ ಮಾಡಿದಾಗ ಬರಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರಂತೆ, ಅದನ್ನು ತನಗೂ ಅನ್ವಯಿಸಿಕೊಂಡಿದ್ದಳು. ನರ್ಸು ನಕ್ಕು, "ಅದು ಬೇರೆ, ಇದು ಬೇರೆ ಅಮ್ಮಾ. ಇದಕ್ಕೆ ಉಪವಾಸ ಬೇಡ. ಹಸಿವು, ಭಯ ಎರಡೂ ಸೇರಿದ್ರೆ ಕುರ್ಚಿ ಮೇಲೇ ತಲೆ ಸುತ್ತಿ ಬೀಳ್ತೀರ" ಎಂದು ಕ್ಯಾಂಟೀನಿಗೆ ಕಳಿಸಿದಳು. ಹೊಟ್ಟೆ ತುಂಬಾ ಬೇಡ, ಎರಡು ಇಡ್ಲಿ ಸಾಕು ಎಂದೂ ಹೇಳಿದಳು. ಗಂಟಲಲ್ಲಿ ಓಕರಿಕೆ ಬಂದರೆ ಕಷ್ಟ. ಕೆಲವು ಕಡೆ ಒಂದೆರಡು ಗಂಟೆ ಏನೂ ತಿನ್ನಬೇಡಿ ಎನ್ನುವುದೂ ಉಂಟು, ಮುಖ್ಯವಾಗಿ ಬಾಗುವ ನಳಿಗೆಯನ್ನು ಗಂಟಲವರೆಗೆ ಇಳಿಸುವುದಿದ್ದರೆ. ದಿನ ಬರೆಸುವಾಗಲೇ ಕೇಳಿಕೊಂಡರೆ ಮುಗಿಯಿತು.

ಇಡ್ಲಿ ತಿಂದು ಬಂದ ಮೇಲೆ ಪ್ರಶ್ನೆಗಳ ಸರದಿ. ಬಿ.ಪಿ. ಇದೆಯಾ, ಸಕ್ಕರೆ ಇದೆಯಾ, ಮೂಗಿಗೆ ಹಿಂದೆ ಆಪರೇಷನ್ ಆಗಿದೆಯಾ, ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯಾ, ಹಲ್ಲು ಕೀಳಿಸುವಾಗ ಕೊಟ್ಟ ಇಂಜೆಕ್ಷನ್ನಿನಿಂದ ಏನಾದರೂ ತೊಂದರೆ ಆಗಿತ್ತಾ. ಕೊನೆಯದು ಯಾಕೆಂದರೆ ಹಲ್ಲಿನವರು ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಎಂಬ ಔಷಧವನ್ನೇ ಮೂಗಿಗೂ ಬಳಸುತ್ತಾರೆ. ಅತ್ತೆ ಎಲ್ಲಕ್ಕೂ ಇಲ್ಲ ಇಲ್ಲ ಎನ್ನುತ್ತ ಹೋದಳು.

"ರಕ್ತ ತೆಳು ಮಾಡೋ ಮಾತ್ರೆ?"

"ಇಲ್ಲ."

ನಾನು ಅವಳ ಕೈಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವಳು. ದಿನಾ ರಾತ್ರಿ ನುಂಗುವ ಎರಡು ಮಾತ್ರೆ ಅದೇ. ಅವಳ ಲೆಕ್ಕದಲ್ಲಿ ಅವು ಹಾರ್ಟಿನ ಮಾತ್ರೆ, ಮೂಗಿಗೂ ಅದಕ್ಕೂ ಎಂಥ ಸಂಬಂಧ? ಡಾಕ್ಟರಮ್ಮ ಬೈಯಲಿಲ್ಲ. ಡಬ್ಬಿ ತಿರುಗಿಸಿ ನೋಡಿ ಹೇಳಿದರು: "ಬರೀ ನೋಡೋದಕ್ಕೆ ಇದನ್ನ ನಿಲ್ಲಿಸಬೇಕಾಗಿಲ್ಲ. ನೀವಾಗಿ ನಿಲ್ಲಿಸಲೂಬಾರದು, ಸ್ಟೆಂಟ್ ಕಟ್ಟಿಕೊಂಡ್ರೆ ಮೂಗಿಗಿಂತ ದೊಡ್ಡ ಅನಾಹುತ. ಆದ್ರೆ ನನಗೆ ಗೊತ್ತಿರ್ಬೇಕು. ಗೊತ್ತಿದ್ರೆ ಕೈ ಹಗುರ ಇಟ್ಕೋತೀನಿ, ಚೂರು ತುಂಡು ಕಿತ್ತು ಪರೀಕ್ಷೆಗೆ ಕಳಿಸೋಕೆ ಹೋಗಲ್ಲ."

ಇಲ್ಲಿ ತಮ್ಮನ ಮಗಳು ಕೇಳಿದಳು, "ಹಾಗಾದ್ರೆ ಎಲ್ಲಾ ಮಾತ್ರೆದೂ ಹೆಸರು ಹೇಳ್ಬೇಕಾ?" ಹೆಸರು ಬಾಯಿಗೆ ಬರದಿದ್ದರೆ ಚೀಟಿ ಒಯ್ಯಿ, ಚೀಟಿ ಇಲ್ಲದಿದ್ದರೆ ಡಬ್ಬಿ ಒಯ್ಯಿ ಎಂದೆ. ಕಷಾಯ, ಲೇಹ್ಯ ಕುಡಿಯುತ್ತಿದ್ದರೂ ಹೇಳು. ಡಾಕ್ಟರು ಮೂಗಿನೊಳಗೆ ಕಾಣುವುದನ್ನು ಮಾತ್ರ ಕಾಣುತ್ತಾರೆ.

ಮುಂದಿನ ತಕರಾರು ಮೂಗುಬೊಟ್ಟಿನದ್ದು. ಅತ್ತೆಯದು ಏಳು ಹರಳಿನ ಹಳೇ ಮೂಗುಬೊಟ್ಟು, ಒಳಗೆ ತಿರುಪು. ಮದುವೆಯಾದ ಮೇಲೆ ತೆಗೆದೇ ಇಲ್ಲ. ಅದಿದ್ದದ್ದು ಎಡಗಡೆ, ತೊಂದರೆ ಬಲಗಡೆ. ಅದನ್ನೇ ಹಿಡಿದು ವಾದಕ್ಕೆ ನಿಂತಳು. ಡಾಕ್ಟರಮ್ಮ ಜಗ್ಗಲಿಲ್ಲ: ಎರಡೂ ಕಡೆ ನೋಡಲೇಬೇಕು, ಚೆನ್ನಾಗಿರುವ ಕಡೆ ನೋಡಿದರೆ ತಾನೇ ಕೆಟ್ಟ ಕಡೆ ಎಷ್ಟು ಕೆಟ್ಟಿದೆ ಎಂದು ತಿಳಿಯುವುದು? ತಿರುಪು ತುಕ್ಕು ಹಿಡಿದಂತೆ ಕೂತುಬಿಟ್ಟಿತ್ತು. ನರ್ಸು ಕೊಬ್ಬರಿ ಎಣ್ಣೆ ಹಚ್ಚಿ, ಅತ್ತ ಇತ್ತ ಅಲ್ಲಾಡಿಸಿ, ಅಂತೂ ಬಿಡಿಸಿದಳು. ಇಡೀ ದಿನದಲ್ಲಿ ಅತ್ತೆಗೆ ನಿಜವಾಗಿ ನೋವಾದದ್ದು ಅದೊಂದೇ ಎಂದು ಇವತ್ತಿಗೂ ಹೇಳುತ್ತಾಳೆ. ನಿಮಗೂ ಮೂಗುಬೊಟ್ಟು, ನತ್ತು ಇದ್ದರೆ ಹಿಂದಿನ ದಿನವೇ ಮನೆಯಲ್ಲಿ ಕೂತು ಬಿಚ್ಚಿಟ್ಟು ಹೋಗಿ. ಅಕ್ಕಸಾಲಿಗರ ಹತ್ತಿರ ಹೋಗಬೇಕಾದರೂ ಸರಿ.

ಆಮೇಲೆ ಹತ್ತಿ. ಉದ್ದುದ್ದ ತೆಳ್ಳನೆ ಹತ್ತಿಯ ಪಟ್ಟಿಗಳನ್ನು ಎರಡು ಔಷಧಿಗಳಲ್ಲಿ ನೆನೆಸಿ ಹಿಂಡಿ, ಚಿಮಟದಲ್ಲಿ ಹಿಡಿದು ಮೂಗಿನೊಳಗೆ ಇಟ್ಟರು. ಒಂದು ಔಷಧಿ ಮರಗಟ್ಟಿಸಲು, ಇನ್ನೊಂದು ಊತ ಇಳಿಸಿ ದಾರಿ ಬಿಡಿಸಲು. ಕೆಲವು ಕಡೆ ಹತ್ತಿಯ ಬದಲು ಸ್ಪ್ರೇ ಹೊಡೆಯುತ್ತಾರೆ. ಹತ್ತು ನಿಮಿಷ ಹಾಗೇ ಕೂರಬೇಕು. ಔಷಧಿ ನಿಧಾನ ಗಂಟಲಿಗೆ ಇಳಿಯಿತು. ಅತ್ತೆಯ ಮುಖ ಕಿವುಚಿತು: ಕಹಿ. ಸ್ವಲ್ಪ ಹೊತ್ತಿಗೆ ಗಂಟಲು ಹಿಡಿದಂತಾಗಿ ಕೈ ಬೀಸಿದಳು, ನುಂಗಕ್ಕೆ ಆಗ್ತಿಲ್ಲ ಎಂದು. ಗಾಬರಿಯ ಕ್ಷಣ ಇದೇ, ಇದನ್ನು ಮೊದಲೇ ತಿಳಿದಿರಬೇಕು. ಗಂಟಲು ಮರಗಟ್ಟಿದಾಗ ನುಂಗಿದ್ದು ಗೊತ್ತಾಗುವುದಿಲ್ಲ, ಹಾಗೆಂದು ನುಂಗಲು ಆಗುವುದಿಲ್ಲ ಎಂದಲ್ಲ. ಉಸಿರಿಗೇನೂ ಆಗಿರುವುದಿಲ್ಲ. ನರ್ಸು ಅವಳ ಮುಂದೆ ನಿಂತು ಬಾಯಿಂದ ಉಸಿರಾಡಿ ತೋರಿಸಿದಳು, ಅತ್ತೆ ಅವಳನ್ನು ನೋಡಿ ನೋಡಿ ಉಸಿರಾಡಿದಳು. ಕೆಲವರಿಗೆ ಊತ ಇಳಿಸುವ ಔಷಧಿಯಿಂದ ಎದೆ ಒಂದಿಷ್ಟು ಹೊತ್ತು ಡವಗುಟ್ಟುವುದೂ ಉಂಟಂತೆ. ಬಿ.ಪಿ., ಹೃದಯದ ತೊಂದರೆ ಇದೆಯಾ ಎಂದು ಮೊದಲೇ ಕೇಳುವುದಕ್ಕೆ ಅದೂ ಒಂದು ಕಾರಣ. ಅತ್ತೆಗೆ ಆ ಔಷಧಿಯನ್ನು ಕಡಿಮೆ ಹಾಕಿದ್ದರು.

ಆ ಹತ್ತು ನಿಮಿಷದಲ್ಲಿ ನನಗೆ ಆ ಸಲಕರಣೆಯನ್ನು ಹತ್ತಿರದಿಂದ ನೋಡಲು ಸಿಕ್ಕಿತು. 4 ಮಿಲಿಮೀಟರ್ ದಪ್ಪ, ಸುಮಾರು 18 ಸೆಂಟಿಮೀಟರ್ ಉದ್ದದ ಸ್ಟೀಲಿನ ಕಡ್ಡಿ. ಒಂದು ತುದಿಯಲ್ಲಿ ಕಣ್ಣಿಡುವ ಜಾಗ, ಅಲ್ಲಿಗೇ ಕ್ಯಾಮೆರಾ ಸಿಕ್ಕಿಸುತ್ತಾರೆ. ಅಂದರೆ ಕ್ಯಾಮೆರಾ ಮೂಗಿನೊಳಗೆ ಹೋಗುವುದೇ ಇಲ್ಲ, ಹೊರಗೇ ಇರುತ್ತದೆ! ಒಳಗೆ ಹೋಗುವುದು ಗಾಜು ಮತ್ತು ಬೆಳಕು. ಡಾಕ್ಟರಮ್ಮ ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರಂತೆ, ಕೇಳುವವರು ಸಿಕ್ಕರೆ ಬಿಡುವವರಲ್ಲ. 1901ರಲ್ಲಿ ಜರ್ಮನಿಯ ಹಿರ್ಷ್‌ಮನ್ ಎಂಬ ವೈದ್ಯ ಮೂತ್ರಕೋಶ ನೋಡುವ ಉಪಕರಣವನ್ನೇ ಸಣ್ಣದು ಮಾಡಿಸಿ ಮೂಗಿನೊಳಗೆ ಇಣುಕಿದನಂತೆ. ಆದರೆ ಆಗಿನ ನಳಿಗೆಗಳಲ್ಲಿ ಪುಟ್ಟ ಪುಟ್ಟ ಮಸೂರಗಳು, ನಡುವೆ ಉದ್ದಕ್ಕೂ ಬರೀ ಗಾಳಿ, ಚಿತ್ರ ಮಂಕು. ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಅದನ್ನು ತಿರುವುಮುರುವು ಮಾಡಿದ: ಗಾಳಿಯಿದ್ದ ಕಡೆ ಗಾಜಿನ ಸರಳು, ಗಾಜಿದ್ದ ಕಡೆ ಗಾಳಿಯ ಸಂದು. ಚಿತ್ರ ಬೆಳಗಿತು, ನಳಿಗೆ ಸಪೂರವಾಯಿತು. ಜರ್ಮನಿಯ ಕಾರ್ಲ್ ಸ್ಟೋರ್ಜ್ ಅದನ್ನು ತಯಾರಿಸಿ ಮಾರಾಟಕ್ಕೆ ತಂದ. ಆಸ್ಟ್ರಿಯಾದ ಗ್ರಾಟ್ಸ್ ಊರಿನ ಮೆಸ್ಸರ್‌ಕ್ಲಿಂಗರ್ ಆ ನಳಿಗೆ ಹಿಡಿದು ವರ್ಷಗಟ್ಟಲೆ ಮೂಗುಗಳನ್ನೇ ನೋಡುತ್ತ ಕೂತ. ಸಿಂಬಳ ಸಿಕ್ಕಸಿಕ್ಕಲ್ಲಿ ಹರಿಯುವುದಿಲ್ಲ, ಪ್ರತಿ ಸೈನಸ್ಸಿನಿಂದಲೂ ತನ್ನದೇ ದಾರಿ ಹಿಡಿದು ತನ್ನದೇ ಬಾಗಿಲಿನಿಂದ ಹೊರಬರುತ್ತದೆ ಎಂದು ಕಂಡುಕೊಂಡ. ಆ ಬಾಗಿಲು ಕಟ್ಟಿದರೆ ಸೈನಸ್ ಕಾಯಿಲೆ. ಇಷ್ಟು ಸರಳ ಸಂಗತಿ ತಿಳಿಯಲು ಗಾಜಿನ ಸರಳು ಹುಟ್ಟುವವರೆಗೆ ಕಾಯಬೇಕಾಯಿತಲ್ಲ ಎಂದು ನಾನು ಬೆರಗಾಗಿ ಕೇಳುತ್ತಿದ್ದರೆ, ಅತ್ತೆ ಮೂಗಿನಲ್ಲಿ ಹತ್ತಿ ತುರುಕಿಕೊಂಡು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡುತ್ತಿದ್ದಳು.

ನಾನು ಇನ್ನೊಂದು ಕೇಳಿದೆ, ಸ್ವಲ್ಪ ಅಂಜುತ್ತಲೇ: ಇದನ್ನು ಈಗಷ್ಟೇ ಇನ್ನೊಬ್ಬರಿಗೆ ಹಾಕಿದ್ದಿರಲ್ಲ? ಅವರಿಗೆ ಬೇಸರವಾಗಲಿಲ್ಲ. ಪ್ರತಿಯೊಬ್ಬರಿಗೂ ಬಳಸಿದ ಮೇಲೆ ತೊಳೆದು, ಸೋಂಕು ಕಳೆಯುವ ದ್ರಾವಣದಲ್ಲಿ ಗೊತ್ತಾದಷ್ಟು ಹೊತ್ತು ಮುಳುಗಿಸಿಟ್ಟು, ಮತ್ತೆ ಶುದ್ಧ ನೀರಿನಲ್ಲಿ ತೊಳೆಯುತ್ತಾರಂತೆ. ಅದಕ್ಕೇ ಒಂದಕ್ಕಿಂತ ಹೆಚ್ಚು ನಳಿಗೆ ಇಟ್ಟುಕೊಂಡಿರುತ್ತಾರೆ. ಆ ಟ್ರೇಯನ್ನೂ ತೋರಿಸಿದರು. ರೋಗಿ ಕೇಳಬಾರದ ಪ್ರಶ್ನೆ ಇದಲ್ಲ.

ಹತ್ತಿ ತೆಗೆದರು. ಮಲಗಿಸಲಿಲ್ಲ, ಕೂತಂತೆಯೇ ತಲೆ ಹಿಂದಕ್ಕೆ ಆನಿಸಿದರು. "ಕಣ್ಣು ಬಿಟ್ಕೊಂಡಿರಿ, ಬಾಯಲ್ಲಿ ಉಸಿರಾಡಿ, ತಲೆ ಮಾತ್ರ ಕೊಡವಬೇಡಿ. ಸಾಕು ಅನ್ಸಿದ್ರೆ ಎಡಗೈ ಎತ್ತಿ, ನಾನು ತಕ್ಷಣ ಹೊರಗೆ ತೆಗೀತೀನಿ." ಎಡಗೈಯ ಈ ಒಪ್ಪಂದ ಅತ್ತೆಗೆ ಬಹಳ ಹಿಡಿಸಿತು. ಲಗಾಮು ತನ್ನ ಕೈಯಲ್ಲೇ ಇದೆ ಎನ್ನಿಸಿರಬೇಕು.

ಮೊದಲು ಎಡಮೂಗು. ಪರದೆಯ ಮೇಲೆ ಗುಲಾಬಿ ಬಣ್ಣದ ತೇವದ ಗುಹೆ ತೆರೆಯಿತು. ಒಂದು ಬದಿಗೆ ನಡುಗೋಡೆ, ಇನ್ನೊಂದು ಬದಿಗೆ ಗೋಡೆಯಿಂದ ಇಳಿಬಿದ್ದ ಟರ್ಬಿನೇಟ್ ಎಂಬ ಮಡಿಕೆಗಳು. ಜನ ಎಷ್ಟೋ ಸಲ ಇವನ್ನೇ ಕನ್ನಡಿಯಲ್ಲಿ ಕಂಡು ದುರ್ಮಾಂಸ ಬೆಳೆದಿದೆ ಎಂದು ಓಡಿ ಬರುತ್ತಾರಂತೆ. ನಳಿಗೆ ಮೂಗಿನ ನೆಲ ಹಿಡಿದು ನೇರ ಹಿಂದಕ್ಕೆ ಹೋಯಿತು. ಮೇಲಕ್ಕಲ್ಲ, ಹಿಂದಕ್ಕೆ. ಮೂಗಿನ ದಾರಿ ಮಿದುಳಿನ ಕಡೆ ಏರುತ್ತದೆ ಎಂದುಕೊಂಡೇ ಅರ್ಧ ಜನ ಹೆದರುವುದು; ಅದು ಅಂಗುಳಿನ ಮೇಲೆ ಅಡ್ಡ ಮಲಗಿದ ದಾರಿ. ಕೊನೆಯಲ್ಲಿ, ಅಂಗುಳು ಮುಗಿದು ಗಂಟಲು ಶುರುವಾಗುವ ಕಡೆ, ಕಿವಿಗೆ ಹೋಗುವ ನಾಳದ ಬಾಯಿ ಕಾಣಿಸಿತು. ಒಂದ್ಸಲ ಉಗುಳು ನುಂಗಿ ಎಂದರು, ಅತ್ತೆ ನುಂಗಿದಳು, ಆ ಬಾಯಿ ಒಮ್ಮೆ ತೆರೆದು ಮುಚ್ಚಿತು. ಎಡಗಡೆ ಎಲ್ಲ ಚೆನ್ನಾಗಿದೆ ಎಂದರು. ಅತ್ತೆಯ ಎಡಗೈ ತೊಡೆಯ ಮೇಲೇ ಇತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಳುವಲ್ಲ, ಮೂಗಿನೊಳಗೆ ಏನು ಮುಟ್ಟಿದರೂ ಕಣ್ಣು ತಾನಾಗಿ ಸುರಿಯುತ್ತದೆ.

ಬಲಗಡೆ ಹಾಗಿರಲಿಲ್ಲ. ನಳಿಗೆ ಒಳಗೆ ಹೋದದ್ದೇ ಪರದೆ ಹಳದಿಯಾಯಿತು. ಕೀವು. ಹೀರುವ ನಳಿಗೆ ಬಿಟ್ಟರು, ಅದು ಕೊರಕೊರ ಸದ್ದು ಮಾಡಿತು. ಈ ಸದ್ದಿಗೆ ಬಹಳ ಜನ ಬೆದರುತ್ತಾರೆ, ಅದು ಬರೀ ಗಾಳಿ. ಅಷ್ಟರಲ್ಲಿ ಅತ್ತೆಗೆ ಸೀನು ಒತ್ತಿಕೊಂಡು ಬಂತು; ಎಡಗೈ ಮೇಲೆದ್ದಿತು, ಡಾಕ್ಟರಮ್ಮ ಚಕ್ಕನೆ ನಳಿಗೆ ಎಳೆದುಕೊಂಡರು. ಸೀನಾಯಿತು. ಮುಖ ಒರೆಸಿದರು, ನೀರು ಕೊಡಲಿಲ್ಲ, ಮತ್ತೆ ಶುರುಮಾಡಿದರು. ಕೀವು ಸರಿದ ಕಡೆ ಮೂಗಿನ ನೆಲದ ಮೇಲೆ, ನಡುಗೋಡೆಗೂ ಕೆಳಗಿನ ಟರ್ಬಿನೇಟಿಗೂ ನಡುವೆ, ಬೂದು ಕಂದು ಬಣ್ಣದ ಒರಟಾದ ಏನೋ ಕೂತಿತ್ತು. ಸುತ್ತಲಿನ ಮಾಂಸ ಕೆಂಪಗೆ ಊದಿ ಅದನ್ನು ಅಪ್ಪಿಕೊಂಡಿತ್ತು. ನನ್ನ ಎದೆ ಧಸಕ್ಕೆಂದಿತು. ಗೆಡ್ಡೆ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಕಾಯಿಲೆ.

ಡಾಕ್ಟರಮ್ಮ ಸಣ್ಣ ಸ್ಟೀಲ್ ಕಡ್ಡಿಯಿಂದ ಅದನ್ನು ಮೆತ್ತಗೆ ತಟ್ಟಿದರು. ಅವರ ಮುಖ ಅರಳಿತು.

"ಕಲ್ಲು" ಅಂದರು.

ಅತ್ತೆ ಬಾಯಿ ತೆರೆದುಕೊಂಡೇ "ಆಂ?" ಎಂದಳು. ಮೂತ್ರದಲ್ಲಿ ಕಲ್ಲು ಕೇಳಿದ್ದಳು, ಪಿತ್ತಕೋಶದ ಕಲ್ಲು ಕೇಳಿದ್ದಳು, ಮೂಗಿನ ಕಲ್ಲು? ನಾನೂ ಕೇಳಿರಲಿಲ್ಲ. ರೈನೋಲಿತ್ ಎಂದು ಅದಕ್ಕೆ ಹೆಸರು. ಮೂಗಿನೊಳಗೆ ಸೇರಿದ ಯಾವುದೋ ಸಣ್ಣ ವಸ್ತು, ಬೀಜವೋ ಮಣಿಯೋ ಅಂಗಿಯ ಗುಂಡಿಯೋ, ಹೊರಬಾರದೆ ಉಳಿದರೆ ಸಿಂಬಳ ಕಣ್ಣೀರುಗಳಲ್ಲಿರುವ ಸುಣ್ಣದ ಮತ್ತು ಮೆಗ್ನೀಸಿಯಂನ ಲವಣಗಳು ಅದರ ಮೇಲೆ ಪದರ ಪದರವಾಗಿ ಕೂರುತ್ತವೆ. ವರ್ಷ ಹೋಗುತ್ತದೆ, ದಶಕ ಹೋಗುತ್ತದೆ, ಕಲ್ಲು ಬೆಳೆಯುತ್ತದೆ. ಬಾಲ್ಯದಲ್ಲಿ ಸೇರಿದ್ದು ಮುದುಕರಾದ ಮೇಲೆ ಸಿಗುವುದೂ ಉಂಟಂತೆ.

ನಳಿಗೆ ಒಳಗಿದ್ದದ್ದು ಎಲ್ಲ ಸೇರಿ ಕೆಲವೇ ನಿಮಿಷ. "ನೋವಾಯ್ತಾ?" ಎಂದು ಕೇಳಿದರೆ ಅತ್ತೆ ಯೋಚಿಸಿ ಹೇಳಿದ ಉತ್ತರ ನನಗೆ ಇಷ್ಟ: "ನೋವಲ್ಲ, ಯಾರೋ ನಮ್ಮನೆ ಒಳಗೆ ಹೇಳ್ದೆ ಕೇಳ್ದೆ ಓಡಾಡ್ದಂಗೆ." ಒತ್ತಿದಂತೆ, ಕಚಗುಳಿ ಇಟ್ಟಂತೆ, ಒಮ್ಮೊಮ್ಮೆ ಚುಳ್ ಎಂದಂತೆ. ನಡುಗೋಡೆ ಸೊಟ್ಟಗಿದ್ದು ದಾರಿ ಕಿರಿದಾಗಿದ್ದವರಿಗೆ ಸ್ವಲ್ಪ ಹೆಚ್ಚು ತ್ರಾಸ. ಅಂಥವರಿಗೂ ಮಕ್ಕಳಿಗೂ ಇನ್ನೂ ಸಪೂರದ 2.7 ಮಿಲಿಮೀಟರಿನ ನಳಿಗೆ ಇದೆ, ಬಾಗುವಂಥದ್ದೂ ಇದೆ. ತಮ್ಮನ ಮಗಳಿಗೆ ನಾನು ಸುಳ್ಳು ಹೇಳಲಿಲ್ಲ. ಏನೂ ಆಗುವುದಿಲ್ಲ ಎಂದು ಹೇಳಿ ಕಳಿಸಿದವರ ಮೇಲೆ ರೋಗಿಗೆ ಅಲ್ಲಿಗೇ ನಂಬಿಕೆ ಹೋಗುತ್ತದೆ. ಆಗುತ್ತದೆ, ತಡೆದುಕೊಳ್ಳುವಷ್ಟು ಆಗುತ್ತದೆ.

ಅತ್ತೆ, ಇದ್ದರೆ ಈಗಲೇ ಕಿತ್ತುಬಿಡಿ ಎಂದು ಹಟ ಹಿಡಿದಳು. ಎದ್ದು ಓಡಿದ್ದವಳು ಇವಳೇನಾ ಎನ್ನುವ ಹಾಗೆ. ಡಾಕ್ಟರಮ್ಮ ಒಪ್ಪಲಿಲ್ಲ. ರಕ್ತ ತೆಳುವಾಗಿದೆ, ಕಲ್ಲು ಮಾಂಸದಲ್ಲಿ ಕಚ್ಚಿಕೊಂಡಿದೆ, ಹಿಂದೆ ಎಷ್ಟು ಹರಡಿದೆಯೆಂದು ಮುಂದಿನಿಂದ ಕಾಣುವುದಿಲ್ಲ. ಕೊಸರಿ ತುಂಡು ಹಿಂದಕ್ಕೆ ಜಾರಿದರೆ ಶ್ವಾಸನಾಳಕ್ಕೆ ಬೀಳಬಹುದು. ಮೊದಲು ಸಿ.ಟಿ. ಸ್ಕ್ಯಾನ್. ಎಂಡೋಸ್ಕೋಪಿ ಮೇಲ್ಮೈ ತೋರಿಸುತ್ತದೆ, ಮೂಳೆಯ ಹಿಂದೆ, ಸೈನಸ್ಸಿನ ಒಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ಇದನ್ನು ಜನ ತಿಳಿದಿರುವುದು ಒಳ್ಳೆಯದು. ಎರಡೆರಡು ಪರೀಕ್ಷೆ ಯಾಕೆ, ದುಡ್ಡು ಹೊಡೆಯೋಕಾ ಎಂಬ ಅನುಮಾನ ನನಗೂ ಆ ಗಳಿಗೆಯಲ್ಲಿ ಸುಳಿದಿತ್ತು. ಪರದೆಯ ಚಿತ್ರಗಳನ್ನು ವರದಿಗೆ ಅಂಟಿಸಿ ಕೊಟ್ಟರು. ಕೊಡದಿದ್ದರೆ ಕೇಳಿ ಪಡೆಯಿರಿ. ಮುಂದೆ ಬೇರೆ ಡಾಕ್ಟರ ಹತ್ತಿರ ಹೋದರೂ ಹೋಲಿಸಿ ನೋಡಲು ಬೇಕಾಗುವುದು ಅದೇ.

ಹೊರಗೆ ಬಂದವಳಿಗೆ ಮೊದಲು ನೆನಪಾದದ್ದು ಕಾಫಿ. ನರ್ಸು ಬಾಗಿಲಲ್ಲೇ ತಡೆದಳು. ಗಂಟಲಿನ ಜೋಮು ಇಳಿಯುವ ತನಕ, ಸುಮಾರು ಒಂದು ಗಂಟೆ, ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ನೆತ್ತಿಗೆ ಹತ್ತಬಹುದು, ಬಿಸಿ ಗೊತ್ತಾಗದೆ ಬಾಯಿ ಸುಟ್ಟುಕೊಳ್ಳಬಹುದು. ಆಮೇಲೆ ಮೊದಲು ಒಂದು ಗುಟುಕು ತಣ್ಣೀರು ಕುಡಿದು ನೋಡಿ, ಸರಿಯೆನಿಸಿದರೆ ಕಾಫಿ. ಆ ದಿನ ಮೂಗು ಜೋರಾಗಿ ಸೀಟಬಾರದು. ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಹರಿಯತೊಡಗಿದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ, ಬಾಯಿಂದ ಉಸಿರಾಡಬೇಕು. ನಡುನಡುವೆ ಬಿಟ್ಟು ನೋಡಬಾರದು. ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ. ಅತ್ತೆಗೆ ಏನೂ ಆಗಲಿಲ್ಲ. ಮತ್ತು ಬರುವ ಇಂಜೆಕ್ಷನ್ ಕೊಟ್ಟಿರುವುದಿಲ್ಲವಾದ್ದರಿಂದ ಬಸ್ಸು ಹತ್ತಿ ಬರಲೂ ಅಡ್ಡಿಯಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತ ಮೂಗುಬೊಟ್ಟನ್ನು ಕರವಸ್ತ್ರದ ಗಂಟಿನಿಂದ ಬಿಚ್ಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

ಆಪರೇಷನ್ನಿನ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಸ್ಕ್ಯಾನಿನಲ್ಲಿ ಕಲ್ಲು ಬೆಳ್ಳಗೆ ಹೊಳೆಯಿತು. ಹೃದಯದ ಡಾಕ್ಟರು ಯಾವ ಮಾತ್ರೆ ಎಷ್ಟು ದಿನ ಬಿಡಬೇಕೆಂದು ಬರೆದುಕೊಟ್ಟರು. ಪೂರ್ತಿ ಮತ್ತು ಕೊಟ್ಟು, ಅದೇ ನಳಿಗೆ ಬಿಟ್ಟು, ಕಲ್ಲನ್ನು ಒಳಗೇ ಒಡೆದು ಚೂರು ಚೂರಾಗಿ ಹೊರತೆಗೆದರು. ಎಲ್ಲ ಕೂಡಿಸಿದರೆ ಒಂದು ಅಡಿಕೆ ಹೋಳಿನಷ್ಟಾಯಿತು. ಕೆಲವು ವಾರ ಉಪ್ಪುನೀರಿನಲ್ಲಿ ಮೂಗು ತೊಳೆದುಕೊಂಡಳು. ನಡುವೆ ಮತ್ತೊಮ್ಮೆ ಎಂಡೋಸ್ಕೋಪಿ, ಒಳಗಿನ ಹಕ್ಕಳೆ ತೆಗೆದು ಗಾಯ ಮಾಗಿದ್ದು ನೋಡಲು. ಆ ಸಲ ನಾನು ಹೋಗಲಿಲ್ಲ. ಅತ್ತೆ ಒಬ್ಬಳೇ ಹೋದಳು, ತಿಂಡಿ ತಿಂದು, ಮೂಗುಬೊಟ್ಟು ಮನೆಯಲ್ಲಿಟ್ಟು. ಕಾಯುವ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಯಾರಿಗೋ ಎಡಗೈ ಎತ್ತುವುದನ್ನೂ ಹೇಳಿಕೊಟ್ಟಳಂತೆ.

ಕಲ್ಲಿನ ಚೂರುಗಳ ನಡುವೆ ಕಂದು ಬಣ್ಣದ ಸಿಪ್ಪೆಯಂಥದ್ದು ಸಿಕ್ಕಿತ್ತು. ಅದೇನು ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ. ಅಪ್ಪ ಅತ್ತೆಗಿಂತ ದೊಡ್ಡವನು. ಅವಳು ಚಿಕ್ಕವಳಿದ್ದಾಗ ಗುಲಗಂಜಿ ಆಡುತ್ತ ಒಂದನ್ನು ಮೂಗಿಗೆ ಏರಿಸಿಕೊಂಡಳು, ಅಜ್ಜಿ ಈರುಳ್ಳಿ ಮೂಸಿಸಿ ಸೀನಿಸಿದಳು, ಬಿತ್ತು ಅಂತ ಎಲ್ಲರೂ ನಂಬಿದರು, ನೆಲದಲ್ಲಿ ಹುಡುಕಿದವರು ಯಾರೂ ಇಲ್ಲ ಎಂದು ಅವನ ಹೇಳಿಕೆ. ಅತ್ತೆಗೆ ಅಂಥದ್ದೇನೂ ನೆನಪಿಲ್ಲ, ಗುಲಗಂಜಿಯಾಗಿದ್ದರೆ ಕೆಂಪಗಿರಬೇಕಿತ್ತು, ಹುಣಸೆ ಬೀಜವೇ ಸೈ, ಹುಣಸೆ ಬೀಜ ಮೂಗಿಗೆ ತುರುಕುತ್ತಿದ್ದವನು ನಿನ್ನಪ್ಪ ಎಂದು ನನ್ನ ಮುಂದೆ ವಾದ. ಆಸ್ಪತ್ರೆಯವರು ಚೂರುಗಳನ್ನು ಲ್ಯಾಬಿಗೆ ಕಳಿಸಿದ್ದರು. ಕ್ಯಾನ್ಸರಿನ ಲಕ್ಷಣ ಇಲ್ಲ, ಸುಣ್ಣಗಟ್ಟಿದ ಪದರಗಳು, ನಡುವೆ ಸಸ್ಯಮೂಲದ ವಸ್ತು ಎಂದಷ್ಟೇ ಬರೆದು ಕೊಟ್ಟರು. ಅಪ್ಪ ಆ ಕಾಗದವನ್ನು ಎರಡೂ ಬದಿ ತಿರುಗಿಸಿ ಓದಿ, ಯಾವ ಸಸ್ಯ ಅಂತ ಬರೆಯೋಕೆ ಏನು ಧಾಡಿ ಇವರಿಗೆ ಎಂದು ಬೈದ.